ಯಾರು ಯಾವ ಟೀಮಿಗೆ? ಎನ್‌ಎಫ್‌ಎಲ್ ಟ್ರೇಡ್, ಡ್ರಾಫ್ಟ್ ಲೆಕ್ಕ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

"ನಮ್ಮ ಮೂರನೇ ರೌಂಡ್ ಪಿಕ್ ಕೊಟ್ಟು ಮೈಲ್ಸ್ ಗ್ಯಾರೆಟ್‌ನ ಕರ್ಕೊಂಡು ಬಂದ್ಬಿಡೋಣ." ಅಮೆರಿಕನ್ ಫುಟ್‌ಬಾಲ್ ನೋಡುವ ಯಾವ ಗೆಳೆಯರ ಗುಂಪಿನಲ್ಲೂ ಲೀಗಿನ ದೊಡ್ಡ ಸ್ಟಾರ್ ಒಬ್ಬನನ್ನು ಹೀಗೆ ಅಗ್ಗಕ್ಕೆ ಕೇಳುವವರು ಒಬ್ಬರಾದರೂ ಇರುತ್ತಾರೆ. ಸ್ಯಾಂಟಾ ಕ್ಲಾರಾದಲ್ಲಿ ಕೆಲಸ ಮಾಡುತ್ತಾ ಅಲ್ಲಿನ ಫಾರ್ಟಿನೈನರ್ಸ್ ಟೀಮಿನ ಹುಚ್ಚು ಹಿಡಿಸಿಕೊಂಡ ನಮ್ಮ ಕನ್ನಡದ ಹುಡುಗರಾಗಲಿ, ಬೆಂಗಳೂರಲ್ಲೇ ಕೂತು ಬೆಳಗಿನ ಜಾವ ಮ್ಯಾಚ್ ನೋಡುವವರಾಗಲಿ, ಸೀಸನ್ ಮುಗಿದ ಮೇಲೆ ಮಾತೆಲ್ಲ ಇದರ ಸುತ್ತಲೇ. ಯಾರನ್ನು ಕೊಡಬೇಕು, ಯಾರನ್ನು ತರಬೇಕು, ಡ್ರಾಫ್ಟ್‌ನಲ್ಲಿ ಯಾವ ಕಾಲೇಜು ಹುಡುಗನನ್ನು ಆರಿಸಬೇಕು. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ 32 ಟೀಮುಗಳ ಲೀಗ್. ಟೀಮುಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದು ಡ್ರಾಫ್ಟ್, ಆ ಒಂದೊಂದು ಸರದಿಯೇ ಪಿಕ್. ಆಟಗಾರರನ್ನೋ ಪಿಕ್‌ಗಳನ್ನೋ ಅದಲುಬದಲು ಮಾಡಿಕೊಳ್ಳುವುದು ಟ್ರೇಡ್.

ಊಹೆ ಮಾಡುವುದು ತಪ್ಪಲ್ಲ. ಅರ್ಧ ಮಜಾ ಇರುವುದೇ ಅಲ್ಲಿ. ಆದರೆ ಹತ್ತು ಊಹೆಗಳಲ್ಲಿ ಒಂಬತ್ತು ಒಂದೇ ಕಾರಣಕ್ಕೆ ಕೆಡುತ್ತವೆ: ಎದುರು ಟೀಮಿನವರು ಇದಕ್ಕೆ ಯಾಕೆ ಒಪ್ಪಬೇಕು ಅಂತ ಊಹೆ ಮಾಡಿದವರು ಕೇಳಿಕೊಂಡೇ ಇರುವುದಿಲ್ಲ. ಮುಂದೆ ಬರುವ ಎಲ್ಲ ಹಂತಗಳೂ ಆ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವುದನ್ನು ಕಲಿಯುವುದಕ್ಕೆ.

ಹಂತ 1: ಕ್ಯಾಲೆಂಡರ್ ಕೈಯಲ್ಲಿರಲಿ

ಯಾವ ಸುದ್ದಿ ಯಾವಾಗ ಬಂತು ಅನ್ನುವುದರಲ್ಲೇ ಅದರ ತೂಕ ಗೊತ್ತಾಗುತ್ತದೆ.

ಜನವರಿ ಮೊದಲಲ್ಲಿ ಲೀಗ್ ಪಂದ್ಯಗಳು ಮುಗಿಯುತ್ತವೆ. ಪ್ಲೇಆಫ್‌ಗೆ ಹೋಗದ 18 ಟೀಮುಗಳ ಡ್ರಾಫ್ಟ್ ಸರದಿ ಆಗಲೇ ಗೊತ್ತಾಗುತ್ತದೆ. ಫೆಬ್ರವರಿಯಲ್ಲಿ ಲೀಗಿನ ಫೈನಲ್, ಅಂದರೆ ಸೂಪರ್ ಬೌಲ್. ಅದಾದ ಮೇಲೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್. ಹೆಸರಿಗೆ ಅದು ಕಾಲೇಜು ಹುಡುಗರ ಓಟ, ಜಿಗಿತ, ವೈದ್ಯಕೀಯ ತಪಾಸಣೆ. 32 ಟೀಮುಗಳ ಮ್ಯಾನೇಜರುಗಳೂ ಏಜೆಂಟರೂ ಒಂದೇ ಊರಲ್ಲಿ ಸೇರುವುದರಿಂದ ಟ್ರೇಡ್ ಮಾತು ಹುಟ್ಟುವ ಜಾಗವೂ ಅದೇ. ಮಾರ್ಚ್ ಮಧ್ಯದಲ್ಲಿ ಲೀಗಿನ ಹೊಸ ವರ್ಷ ಶುರು. ಅದಕ್ಕೆ ಮೊದಲೇ ಎರಡು ಟೀಮುಗಳು ಕೈಕುಲುಕಿಕೊಂಡಿರಬಹುದು, ಆದರೆ ಟ್ರೇಡ್ ಅಧಿಕೃತವಾಗುವುದು ಆ ದಿನವೇ. ಏಪ್ರಿಲ್ ಕೊನೆಗೆ ಡ್ರಾಫ್ಟ್. ಆಮೇಲೆ ಜೂನ್ 1. ಈ ತಾರೀಖನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ, ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ. ಆಗಸ್ಟ್ ಕೊನೆಗೆ ಟೀಮುಗಳು 53 ಜನಕ್ಕೆ ಇಳಿಯುತ್ತವೆ. ನವೆಂಬರ್ ಮೊದಲಲ್ಲಿ, ಒಂಬತ್ತನೇ ವಾರದ ನಂತರದ ಮಂಗಳವಾರ, ಟ್ರೇಡ್ ಬಾಗಿಲು ಮುಚ್ಚುತ್ತದೆ.

ಏಪ್ರಿಲ್‌ನಲ್ಲಿ ಬರುವ ಸುದ್ದಿಯಲ್ಲಿ ಸುಳ್ಳು ಜಾಸ್ತಿ. ಆಗಸ್ಟ್‌ನಲ್ಲಿ ಬರುವ ಸುದ್ದಿ ಬಹುಪಾಲು ಸಂಬಳದ ಜಗಳ. ನವೆಂಬರ್‌ನದು ಮಾತ್ರ ನಿಜವಾಗುವ ಸಾಧ್ಯತೆ ಹೆಚ್ಚು, ಯಾಕೆಂದರೆ ಯಾರಿಗೂ ಕಾಯಲು ಟೈಮ್ ಇರುವುದಿಲ್ಲ.

ಹಂತ 2: ಪಿಕ್ ಸರದಿ

ಡ್ರಾಫ್ಟ್‌ನಲ್ಲಿ ಏಳು ರೌಂಡ್. ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗುವುದಿಲ್ಲ, ಸರದಿ ಬಂದಾಗ ಒಬ್ಬನನ್ನು ಆರಿಸಬೇಕು, ಅಷ್ಟೇ. ಸೋತವರಿಗೆ ಮೊದಲ ಸರದಿ. ಪ್ಲೇಆಫ್ ತಪ್ಪಿಸಿಕೊಂಡವರಿಗೆ 1ರಿಂದ 18. ಪ್ಲೇಆಫ್‌ನಲ್ಲಿ ಬೇಗ ಸೋತವರು ಮೊದಲು, ತಡವಾಗಿ ಸೋತವರು ಆಮೇಲೆ. ಸೂಪರ್ ಬೌಲ್ ಸೋತವರು 31, ಗೆದ್ದವರು 32. ಇಬ್ಬರ ಗೆಲುವಿನ ಸಂಖ್ಯೆ ಒಂದೇ ಆಗಿದ್ದರೆ, ಸುಲಭದ ಎದುರಾಳಿಗಳ ಜೊತೆ ಆಡಿಯೂ ಸೋತವರಿಗೆ ಮೊದಲ ಸರದಿ.

ಇದರ ಮೇಲೆ ಪರಿಹಾರದ ಪಿಕ್‌ಗಳಿವೆ. ಕಾಂಟ್ರಾಕ್ಟ್ ಮುಗಿದ ಒಳ್ಳೆಯ ಆಟಗಾರರು ಬೇರೆ ಟೀಮಿಗೆ ಹೋದರೆ, ಹೋದವರು ಬಂದವರಿಗಿಂತ ತೂಕದವರಾಗಿದ್ದರೆ, ಲೀಗ್ ಮುಂದಿನ ವರ್ಷ ಮೂರರಿಂದ ಏಳನೇ ರೌಂಡಿನ ಕೊನೆಯಲ್ಲಿ ಪಿಕ್ ಕೊಡುತ್ತದೆ. ಅಭಿಮಾನಿಗಳು ಇದನ್ನು ಸುಲಭವಾಗಿ ಮರೆಯುತ್ತಾರೆ. ಕಾಂಟ್ರಾಕ್ಟ್‌ನ ಕೊನೆಯ ವರ್ಷದಲ್ಲಿರುವ ಆಟಗಾರನನ್ನು ನವೆಂಬರ್‌ನಲ್ಲಿ ನಾಲ್ಕನೇ ರೌಂಡ್ ಪಿಕ್‌ಗೆ ಕೇಳುತ್ತೀರಿ ಅಂತಿಟ್ಟುಕೊಳ್ಳಿ. ಅವನು ಸುಮ್ನೆ ಬಿಟ್ಟು ಹೋದರೂ ಮೂರನೇ ರೌಂಡಿನ ಕೊನೆಯ ಪಿಕ್ ಸಿಗುವ ಹಾಗಿದ್ದರೆ ಆ ಟೀಮಿನವರು ನಿಮ್ಮ ಫೋನನ್ನೇ ಎತ್ತುವುದಿಲ್ಲ.

ಹಂತ 3: ಪಿಕ್‌ಗೆ ಬೆಲೆ ಕಟ್ಟಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಇಡೀ ಆಟ ಇರುವುದು ಇಲ್ಲೇ.

1990ರ ದಶಕದ ಶುರುವಿನಲ್ಲಿ ಡಲ್ಲಾಸ್ ಕೌಬಾಯ್ಸ್ ಟೀಮಿನ ಕೈಯಲ್ಲಿ ಸಿಕ್ಕಾಪಟ್ಟೆ ಪಿಕ್‌ಗಳಿದ್ದವು. 1989ರ ಅಕ್ಟೋಬರ್‌ನಲ್ಲಿ ಹರ್ಷಲ್ ವಾಕರ್ ಎಂಬ, ಚೆಂಡು ಹಿಡಿದು ಓಡುವ ಆಟಗಾರನನ್ನು ಮಿನ್ನೆಸೋಟ ವೈಕಿಂಗ್ಸ್‌ಗೆ ಕೊಟ್ಟು ಗಳಿಸಿದವು ಅವು. ಅಷ್ಟು ಪಿಕ್‌ಗಳನ್ನು ಹಿಡಿದುಕೊಂಡು ದಿನಾ ಟ್ರೇಡ್ ಮಾಡುವಾಗ ಫೋನಿನಲ್ಲೇ ಲೆಕ್ಕ ಹಾಕಲು ಒಂದು ಪಟ್ಟಿ ಬೇಕಾಯಿತು. ಟೀಮಿನ ಪಾಲುದಾರರಲ್ಲಿ ಒಬ್ಬರಾದ ಮೈಕ್ ಮಕಾಯ್ ಹಳೆಯ ಟ್ರೇಡ್‌ಗಳನ್ನು ನೋಡಿ ಪ್ರತಿ ಪಿಕ್‌ಗೂ ಒಂದು ಅಂಕ ಕೊಟ್ಟರು. ಕೋಚ್ ಜಿಮ್ಮಿ ಜಾನ್ಸನ್ ಹೆಸರಲ್ಲಿ ಅದು ಪ್ರಸಿದ್ಧವಾಯಿತು. ಕೆಲವು ಅಂಕಗಳು ಹೀಗಿವೆ:

1ನೇ ಪಿಕ್: 3000
2ನೇ ಪಿಕ್: 2600
3ನೇ ಪಿಕ್: 2200
5ನೇ ಪಿಕ್: 1700
10ನೇ ಪಿಕ್: 1300
16ನೇ ಪಿಕ್: 1000
20ನೇ ಪಿಕ್: 850
32ನೇ ಪಿಕ್: 590
50ನೇ ಪಿಕ್: 400
64ನೇ ಪಿಕ್: 270
100ನೇ ಪಿಕ್: 100

ಮೇಲಿನಿಂದ ಕೆಳಕ್ಕೆ ಎಷ್ಟು ಬೇಗ ಕುಸಿಯುತ್ತದೆ ನೋಡಿ. ಮೊದಲ ಪಿಕ್ ಒಂದಕ್ಕೆ 16ನೇ ಪಿಕ್ ಮೂರು ಬೇಕು. ಮುಂದಿನ ವರ್ಷದ ಪಿಕ್ ಆದರೆ ಒಂದು ರೌಂಡ್ ಕೆಳಗೆ ಇಳಿಸಿ ಲೆಕ್ಕ ಹಾಕುವುದು ರೂಢಿ. ಅಂದರೆ ಮುಂದಿನ ವರ್ಷದ ಮೊದಲ ರೌಂಡ್ ಪಿಕ್ ಈ ವರ್ಷದ ಎರಡನೇ ರೌಂಡ್ ಪಿಕ್‌ಗೆ ಸಮ. ಎಷ್ಟನೆಯದು ಅಂತ ಗೊತ್ತಿಲ್ಲದಿದ್ದರೆ ಮಧ್ಯದ್ದು ಅಂತ ಹಿಡಿಯಿರಿ, ಸುಮಾರು 420 ಅಂಕ.

ಈಗ ನಿಜವಾದ ಒಂದು ಟ್ರೇಡ್. 2017ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ 27ನೇ ಪಿಕ್‌ನಿಂದ 10ಕ್ಕೆ ಏರಿತು. ಬಫಲೋ ಬಿಲ್ಸ್‌ಗೆ ಕೊಟ್ಟಿದ್ದು 27ನೇ ಪಿಕ್, 91ನೇ ಪಿಕ್, 2018ರ ಮೊದಲ ರೌಂಡ್ ಪಿಕ್. ಲೆಕ್ಕ: 680 + 136 + 420 = 1236. ಸಿಕ್ಕಿದ್ದು 1300. ಹತ್ತಿರಹತ್ತಿರ ಸಮ, ಚೀಫ್ಸ್‌ಗೆ ಚೂರು ಲಾಭ. ಮುಂದಿನ ವರ್ಷ ಆ ಪಿಕ್ 22ನೆಯದಾಯಿತು, ಅಂದರೆ 780 ಅಂಕ. ಹಿಂತಿರುಗಿ ನೋಡಿದರೆ ಅಂಕದಲ್ಲಿ ಬಫಲೋ ಸುಲಭವಾಗಿ ಗೆದ್ದಿತು! ಆದರೆ ಆ 10ನೇ ಪಿಕ್‌ನಲ್ಲಿ ಬಂದವನು ಪ್ಯಾಟ್ರಿಕ್ ಮಹೋಮ್ಸ್. ಮೂರು ಸೂಪರ್ ಬೌಲ್ ಗೆದ್ದುಕೊಟ್ಟ. ಪಟ್ಟಿ ಅಳೆಯುವುದು ಸರದಿಯನ್ನು, ಹುಡುಗನನ್ನಲ್ಲ.

ಅದೇ ಡ್ರಾಫ್ಟ್‌ನಲ್ಲಿ ಶಿಕಾಗೋ ಬೇರ್ಸ್ 3ರಿಂದ 2ಕ್ಕೆ, ಒಂದೇ ಒಂದು ಮೆಟ್ಟಿಲು ಏರಲು 67ನೇ ಪಿಕ್, 111ನೇ ಪಿಕ್, ಮುಂದಿನ ವರ್ಷದ ಮೂರನೇ ರೌಂಡ್ ಪಿಕ್ ಕೊಟ್ಟು ಮಿಚ್ ಟ್ರುಬಿಸ್ಕಿಯನ್ನು ತಂದಿತು. ಲೆಕ್ಕ ಹಾಕಿ ನೋಡಿ, ಪಟ್ಟಿಯ ಪ್ರಕಾರ ಅದೂ ಸರಿಯಾದ ಬೆಲೆಯೇ.

ಇನ್ನೊಂದನ್ನು ಬಿಡಿಸಿ ನೋಡೋಣ, ಭವಿಷ್ಯದ ಪಿಕ್ ಹೇಗೆ ಕಚ್ಚುತ್ತದೆ ಅಂತ ಗೊತ್ತಾಗಲಿ. 2023ರ ಮಾರ್ಚ್‌ನಲ್ಲಿ ಕೆರೊಲಿನಾ ಪ್ಯಾಂಥರ್ಸ್ ಮೊದಲ ಪಿಕ್‌ಗಾಗಿ ಬೇರ್ಸ್‌ಗೆ ಕೊಟ್ಟಿದ್ದು ಇಷ್ಟು: 9ನೇ ಪಿಕ್ (1350), 61ನೇ ಪಿಕ್ (292), 2024ರ ಮೊದಲ ರೌಂಡ್ (420 ಅಂತ ಹಿಡಿಯೋಣ), 2025ರ ಎರಡನೇ ರೌಂಡ್ (ಎರಡು ರೌಂಡ್ ಇಳಿಸಿದರೆ ಸುಮಾರು 70), ಜೊತೆಗೆ ಡಿಜೆ ಮೂರ್ ಎಂಬ ರಿಸೀವರ್ (ಎಸೆದ ಚೆಂಡು ಹಿಡಿಯುವವನು). ಪಿಕ್‌ಗಳ ಮೊತ್ತ 2132. ಬೇಕಾಗಿದ್ದು 3000. ಉಳಿದ 868 ಅಂಕ ಮೂರ್‌ನ ಬೆಲೆ, ಅಂದರೆ ಸರಿಸುಮಾರು 19ನೇ ಪಿಕ್‌ನಷ್ಟು. ಅವತ್ತಿನ ಮಟ್ಟಿಗೆ ನ್ಯಾಯವಾದ ವ್ಯವಹಾರ.

ಆಮೇಲೆ ಪ್ಯಾಂಥರ್ಸ್ ಆ ಸೀಸನ್‌ನಲ್ಲಿ 2 ಗೆದ್ದು 15 ಸೋತಿತು. 420 ಅಂತ ಹಿಡಿದಿದ್ದ 2024ರ ಪಿಕ್ ಮೊದಲನೇ ಪಿಕ್ ಆಯಿತು. 3000! ಅದರಲ್ಲಿ ಬೇರ್ಸ್‌ಗೆ ಕ್ಯಾಲೆಬ್ ವಿಲಿಯಮ್ಸ್ ಸಿಕ್ಕಿದ. ಹಾಗಾಗಿ ಮುಂದಿನ ವರ್ಷದ ಪಿಕ್‌ಗೆ ಕಣ್ಣು ಮುಚ್ಚಿ 420 ಹಾಕಬೇಡಿ. ಆ ಟೀಮು ಎಷ್ಟು ಸೋಲಬಹುದು ಅಂತ ಮೊದಲು ಅಂದಾಜು ಮಾಡಿ. ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಟೀಮಿನ ಆಟ ನಡೆಸುವವನು), ಹೊಸ ಕೋಚ್, ಇದ್ದ ಒಬ್ಬ ಒಳ್ಳೆಯ ರಿಸೀವರ್ ಕೈಬಿಟ್ಟಾಗಿದೆ ಅಂದರೆ ಆ ಪಿಕ್ ಮೇಲಕ್ಕೆ ಬರುವ ಸಾಧ್ಯತೆಯೇ ಜಾಸ್ತಿ. "ಮುಂದಿನ ವರ್ಷ ನಾವು ಹೇಗೂ ಗೆಲ್ತೀವಿ, ಪಿಕ್ ಕೊಟ್ಟರೇನಂತೆ" ಅನ್ನುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ.

ಜಾನ್ಸನ್ ಪಟ್ಟಿಗೆ ವಿರೋಧವೂ ಇದೆ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ಪ್ರಾಧ್ಯಾಪಕರು ವರ್ಷಗಟ್ಟಲೆಯ ಡ್ರಾಫ್ಟ್‌ಗಳನ್ನು ತಿರುವಿ ಹಾಕಿ, ಟೀಮುಗಳು ಮೇಲಿನ ಪಿಕ್‌ಗಳಿಗೆ ಅತಿಯಾಗಿ ಬೆಲೆ ಕಟ್ಟುತ್ತವೆ ಅಂತ ತೋರಿಸಿದರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆರಿಸಿದವನು, ಅವನ ನಂತರ ಬಂದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಅವರ ಲೆಕ್ಕದಲ್ಲಿ ಶೇ. 52. ನಾಣ್ಯ ಚಿಮ್ಮಿದ್ದಕ್ಕಿಂತ ಚೂರು ಮೇಲೆ, ಅಲ್ವಾ? ಈಗ ಹೊಸ ಪಟ್ಟಿಗಳು ಬಂದಿವೆ, ಮೇಲಿನ ಪಿಕ್‌ಗಳಿಗೆ ಅಷ್ಟು ತೂಕ ಕೊಡುವುದಿಲ್ಲ. ನನ್ನ ಸಲಹೆ ಇಷ್ಟೇ: ಟ್ರೇಡ್ ನಡೆಯುತ್ತದಾ ಅಂತ ಊಹಿಸಲು ಜಾನ್ಸನ್ ಪಟ್ಟಿ ಹಿಡಿಯಿರಿ. ನಡೆದದ್ದು ಬುದ್ಧಿವಂತಿಕೆಯಾ ಅಂತ ತೀರ್ಮಾನಿಸಲು ಹೊಸ ಪಟ್ಟಿ ಹಿಡಿಯಿರಿ.

ಹಂತ 4: ಕಾಂಟ್ರಾಕ್ಟ್ ಓದದೆ ಬಾಯಿ ಬಿಡಬೇಡಿ

ಆಟಗಾರನ ಟ್ರೇಡ್‌ನಲ್ಲಿ ಪಿಕ್‌ಗಿಂತ ಮೊದಲು ನೋಡಬೇಕಾದ್ದು ದುಡ್ಡು. ಲೀಗ್ ಪ್ರತಿ ಟೀಮಿಗೂ ಖರ್ಚಿನ ಮಿತಿ ಹಾಕುತ್ತದೆ, ಅದೇ ಸ್ಯಾಲರಿ ಕ್ಯಾಪ್. 2024ರಲ್ಲಿ ಅದು 25.54 ಕೋಟಿ ಡಾಲರ್, 2025ರಲ್ಲಿ 27.92 ಕೋಟಿ ಡಾಲರ್.

ಗಂಟು ಇರುವುದು ಸೈನಿಂಗ್ ಬೋನಸ್‌ನಲ್ಲಿ. ಒಬ್ಬ ಆಟಗಾರ ಐದು ವರ್ಷಕ್ಕೆ ಸಹಿ ಹಾಕಿ 5 ಕೋಟಿ ಡಾಲರ್ ಬೋನಸ್ ತೆಗೆದುಕೊಂಡ ಅಂತಿಟ್ಟುಕೊಳ್ಳಿ. ದುಡ್ಡು ಅವನ ಕೈಗೆ ಬೇಗ ಹೋಗುತ್ತದೆ. ಕ್ಯಾಪ್ ಲೆಕ್ಕದಲ್ಲಿ ಮಾತ್ರ ವರ್ಷಕ್ಕೆ 1 ಕೋಟಿಯಂತೆ ಹರಡುತ್ತದೆ. ಎರಡು ವರ್ಷ ಆದಮೇಲೆ ಅವನನ್ನು ಟ್ರೇಡ್ ಮಾಡಿದರೆ ಉಳಿದ 3 ಕೋಟಿ ಎಲ್ಲಿ ಹೋಗುತ್ತದೆ? ಎಲ್ಲೂ ಹೋಗಲ್ಲ. ಮಾರಿದ ಟೀಮಿನ ತಲೆ ಮೇಲೇ ಬೀಳುತ್ತದೆ. ಅದಕ್ಕೆ ಡೆಡ್ ಮನಿ ಅನ್ನುತ್ತಾರೆ. ಜೂನ್ 1ಕ್ಕೆ ಮೊದಲು ಟ್ರೇಡ್ ಮಾಡಿದರೆ ಮೂರೂ ಕೋಟಿ ಅದೇ ವರ್ಷ. ಜೂನ್ 1 ದಾಟಿದ ಮೇಲೆ ಮಾಡಿದರೆ ಈ ವರ್ಷ 1 ಕೋಟಿ, ಮುಂದಿನ ವರ್ಷ 2 ಕೋಟಿ. ಕೊಂಡ ಟೀಮಿಗೆ ಬೋನಸ್‌ನ ಗೊಡವೆ ಇಲ್ಲ, ಮುಂದಿನ ಸಂಬಳ ಕೊಟ್ಟರೆ ಸಾಕು.

ದೊಡ್ಡ ಹೆಸರುಗಳ ಬಗ್ಗೆ ಮಾರ್ಚ್‌ನಲ್ಲಿ ಎಷ್ಟು ಗದ್ದಲ ಆದರೂ ಏನೂ ನಡೆಯದಿರುವುದು ಬಹಳ ಸಲ ಇದೇ ಕಾರಣಕ್ಕೆ. ಅದನ್ನೇ ತಿರುಗಿಸಿ, ಡೆಡ್ ಮನಿ ಇಲ್ಲದ ಆಟಗಾರ ಯಾರು ಅಂತ ಹುಡುಕಿ. 2025ರ ಆಗಸ್ಟ್‌ನಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಸ್ಟಾರ್ ಆಟಗಾರ ಮೈಕಾ ಪಾರ್ಸನ್ಸ್ ಹೊಸ ಕಾಂಟ್ರಾಕ್ಟ್‌ಗೆ ಜಗಳ ಆಡುತ್ತಿದ್ದಾಗ "ಕೌಬಾಯ್ಸ್ ಅವನನ್ನು ಎಂದೂ ಬಿಡಲ್ಲ" ಅಂದವರೇ ಜಾಸ್ತಿ. ಆದರೆ ಅವನು ಐದನೇ ವರ್ಷದ ಆಪ್ಷನ್‌ನಲ್ಲಿ ಇದ್ದ. ಮೊದಲ ರೌಂಡಿನಲ್ಲಿ ಬಂದ ಹುಡುಗರ ಕಾಂಟ್ರಾಕ್ಟ್ ನಾಲ್ಕು ವರ್ಷ, ಟೀಮಿಗೆ ಬೇಕೆಂದರೆ ಐದನೆಯದು. ಆ ವರ್ಷ ಬರೀ ಸಂಬಳ, ಸುಮಾರು 2.4 ಕೋಟಿ ಡಾಲರ್. ಹಳೆಯ ಬೋನಸ್‌ನ ಬಾಲ ಇಲ್ಲ. ಹಾಗಾಗಿ ಡಲ್ಲಾಸ್‌ಗೆ ಅವನನ್ನು ಕಳಿಸುವುದು ಲೆಕ್ಕದಲ್ಲಿ ತೀರಾ ಸುಲಭವಾಗಿತ್ತು. ಆಗಸ್ಟ್ 28ರಂದು ಗ್ರೀನ್ ಬೇ ಪ್ಯಾಕರ್ಸ್‌ಗೆ ಹೋಗೇಬಿಟ್ಟ. ಬದಲಿಗೆ ಡಲ್ಲಾಸ್‌ಗೆ ಸಿಕ್ಕಿದ್ದು ಎರಡು ಮೊದಲ ರೌಂಡ್ ಪಿಕ್, ಜೊತೆಗೆ ಕೆನ್ನಿ ಕ್ಲಾರ್ಕ್ ಎಂಬ ಆಟಗಾರ. ಪ್ಯಾಕರ್ಸ್ ಅವನಿಗೆ ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಕೊಟ್ಟರು.

ಇಲ್ಲಿ ಜಾನ್ಸನ್ ಪಟ್ಟಿ ಹಾಕಿದರೆ ಡಲ್ಲಾಸ್ ಪೂರ್ತಿ ಮೋಸಹೋದ ಹಾಗೆ ಕಾಣುತ್ತದೆ. ಸಂಬಳವನ್ನೂ ಸೇರಿಸಿ ನೋಡಬೇಕು. ಪ್ಯಾಕರ್ಸ್ ಕೊಟ್ಟಿದ್ದು ಪಿಕ್ ಮಾತ್ರ ಅಲ್ಲ, ವರ್ಷಕ್ಕೆ 4.7 ಕೋಟಿ ಡಾಲರ್‌ನ ಹೊರೆಯನ್ನೂ ಹೊತ್ತುಕೊಂಡಿತು. ಆದರೂ ಡಲ್ಲಾಸ್‌ಗೆ ಕಡಿಮೆಯೇ ಸಿಕ್ಕಿತು ಅಂತ ನನ್ನ ಅಭಿಪ್ರಾಯ. ಸೀಸನ್‌ಗೆ ಒಂದು ವಾರ ಇರುವಾಗ ಮಾರಾಟಕ್ಕೆ ನಿಂತರೆ ಕೊಳ್ಳುವವರು ಎಷ್ಟು ಜನ ಉಳಿದಿರುತ್ತಾರೆ?

ಸಂಬಳದ ಹೊರೆಯನ್ನು ಮಾರುವವರೇ ಹೊರುವುದೂ ಉಂಟು. 2021ರ ನವೆಂಬರ್‌ನಲ್ಲಿ ಡೆನ್ವರ್ ಬ್ರಾಂಕೋಸ್ ವಾನ್ ಮಿಲ್ಲರ್‌ನನ್ನು ಲಾಸ್ ಏಂಜಲೀಸ್ ರ್‍ಯಾಮ್ಸ್‌ಗೆ ಕೊಟ್ಟಾಗ ಆ ಸೀಸನ್‌ನ ಉಳಿದ ಸಂಬಳದ ಬಹುಪಾಲನ್ನು ತಾನೇ ಕಟ್ಟಿತು. ಬದಲಿಗೆ ಎರಡನೇ ಮತ್ತು ಮೂರನೇ ರೌಂಡ್ ಪಿಕ್ ಸಿಕ್ಕವು. ಕಾಸು ಕೊಟ್ಟು ಪಿಕ್ ಕೊಂಡ ಹಾಗೆ. ನಿಮ್ಮ ಊಹೆಯಲ್ಲಿ ಈ ದಾರಿಯನ್ನೂ ಇಟ್ಟುಕೊಳ್ಳಿ.

ಕೊಳ್ಳುವವರ ಕಡೆ ಅಪಾಯ ಏನು ಅಂತ ತಿಳಿಯಲು ಅದೇ ಡೆನ್ವರ್ ಸಾಕು. 2022ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ಗಾಗಿ ಸಿಯಾಟಲ್ ಸೀಹಾಕ್ಸ್‌ಗೆ ಎರಡು ಮೊದಲ ರೌಂಡ್, ಎರಡು ಎರಡನೇ ರೌಂಡ್, ಒಂದು ಐದನೇ ರೌಂಡ್ ಪಿಕ್, ಮೂವರು ಆಟಗಾರರನ್ನು ಕೊಟ್ಟರು. ಸಿಯಾಟಲ್‌ನಿಂದ ವಿಲ್ಸನ್ ಜೊತೆ ಬಂದಿದ್ದು ಒಂದು ನಾಲ್ಕನೇ ರೌಂಡ್ ಪಿಕ್. ಹೊಸ ಟೀಮಿಗೆ ಲೀಗಿನ ಒಂದು ಪಂದ್ಯ ಆಡುವ ಮೊದಲೇ ಅವನಿಗೆ ಐದು ವರ್ಷದ ಹೊಸ ಕಾಂಟ್ರಾಕ್ಟ್ ಕೊಟ್ಟರು. ಟೀಮು 5 ಗೆದ್ದು 12 ಸೋತಿತು. ಕೊಟ್ಟಿದ್ದ ಮುಂದಿನ ವರ್ಷದ ಪಿಕ್ 5ನೆಯದಾಗಿ ಸಿಯಾಟಲ್‌ಗೆ ಡೆವನ್ ವಿದರ್‌ಸ್ಪೂನ್ ಸಿಕ್ಕಿದ. 2024ರಲ್ಲಿ ವಿಲ್ಸನ್‌ನನ್ನು ಕೈಬಿಟ್ಟಾಗ ಡೆಡ್ ಮನಿ ಒಟ್ಟು 8.5 ಕೋಟಿ ಡಾಲರ್, ಎರಡು ವರ್ಷಕ್ಕೆ ಹರಿದು ಹಂಚಿಹೋಯಿತು.

ಕಾಂಟ್ರಾಕ್ಟ್ ವಿವರಗಳಿಗೆ ಓವರ್ ದ ಕ್ಯಾಪ್, ಸ್ಪೋಟ್ರ್ಯಾಕ್ ಎರಡೂ ವೆಬ್‌ಸೈಟುಗಳು ಚೆನ್ನಾಗಿವೆ. ಆಟಗಾರನ ಪುಟ ತೆರೆದು ಮೂರು ವಿಷಯ ನೋಡಿ: ಎಷ್ಟು ವರ್ಷ ಉಳಿದಿದೆ, ಈಗ ಟ್ರೇಡ್ ಮಾಡಿದರೆ ಡೆಡ್ ಮನಿ ಎಷ್ಟು, ಟ್ರೇಡ್‌ಗೆ ಅವನ ಒಪ್ಪಿಗೆ ಬೇಕು ಅನ್ನುವ ಷರತ್ತು ಇದೆಯಾ. ವಿಲ್ಸನ್‌ಗೆ ಆ ಷರತ್ತು ಇತ್ತು. ಅವನು ಬೇಡ ಅಂದಿದ್ದರೆ ಡೆನ್ವರ್ ಬಚಾವಾಗುತ್ತಿತ್ತು.

ಹಂತ 5: ಆ ಕಡೆಯ ಕುರ್ಚಿಯಲ್ಲಿ ಕೂತು ನೋಡಿ

ಈಗ ನಿಮ್ಮ ಟ್ರೇಡ್ ಬರೆಯಿರಿ. ಬರೆದು ಮುಗಿಸಿದ ಮೇಲೆ ನೀವು ಎದುರು ಟೀಮಿನ ಕಟ್ಟಾ ಅಭಿಮಾನಿ ಅಂದುಕೊಂಡು ಅದನ್ನೇ ಓದಿ. ಓದಿ ನಗು ಬಂದರೆ ಹರಿದು ಹಾಕಿ.

ಎದುರು ಟೀಮು ಯಾವ ಸ್ಥಿತಿಯಲ್ಲಿದೆ ಅನ್ನುವುದು ಮುಖ್ಯ. ಗೆಲ್ಲುವ ಹೊತ್ತಿನಲ್ಲಿರುವ ಟೀಮಿಗೆ ಮೂರು ವರ್ಷದ ನಂತರದ ಪಿಕ್ ಬೇಕಿಲ್ಲ. ರ್‍ಯಾಮ್ಸ್ 2017ರಿಂದ 2023ರವರೆಗೆ ಮೊದಲ ರೌಂಡಿನಲ್ಲಿ ಒಬ್ಬನನ್ನೂ ಆರಿಸಲಿಲ್ಲ. ಪಿಕ್‌ಗಳನ್ನೆಲ್ಲ ಕೊಟ್ಟು ಮ್ಯಾಥ್ಯೂ ಸ್ಟಾಫರ್ಡ್‌ನಂಥವರನ್ನು ತಂದು 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಅಂಥವರ ಹತ್ತಿರ ಹೋಗಿ ಸ್ಟಾರ್ ಆಟಗಾರನನ್ನು ಪಿಕ್‌ಗೆ ಕೇಳಿದರೆ ಸಿಗುವುದಿಲ್ಲ. ಹೊಸ ಜನರಲ್ ಮ್ಯಾನೇಜರ್ ಬಂದಿರುವ, ಹಳಬರನ್ನೆಲ್ಲ ಖಾಲಿ ಮಾಡುತ್ತಿರುವ ಟೀಮನ್ನು ಹುಡುಕಿ.

ಆಟಗಾರನೇ ಟ್ರೇಡ್ ಕೇಳಿದ್ದಾನೆ ಅಂದ ಮಾತ್ರಕ್ಕೆ ಟೀಮು ಕೊಡಲೇಬೇಕು ಅಂತ ಇಲ್ಲ. ಗ್ಯಾರೆಟ್ 2025ರ ಫೆಬ್ರವರಿಯಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಬಿಡಬೇಕು ಅಂತ ಬಹಿರಂಗವಾಗಿಯೇ ಹೇಳಿದ. ಮಾರ್ಚ್‌ನಲ್ಲಿ ವರ್ಷಕ್ಕೆ ಸರಾಸರಿ 4 ಕೋಟಿ ಡಾಲರ್‌ಗೆ ಅಲ್ಲೇ ಸಹಿ ಹಾಕಿದ. ಟ್ರೇಡ್ ಬೇಡಿಕೆ ಅನ್ನುವುದು ಬಹಳ ಸಲ ಸಂಬಳದ ಚೌಕಾಸಿ, ಅಷ್ಟೇ.

ಹಂತ 6: ಗಾಳಿಸುದ್ದಿಯನ್ನು ಜರಡಿ ಹಿಡಿಯಿರಿ

ಸುದ್ದಿ ಬಂದಾಗ ಇದು ನಿಜವಾ ಅಂತ ಕೇಳುವ ಮೊದಲು ಇದು ಹೊರಬಿದ್ದರೆ ಯಾರಿಗೆ ಲಾಭ ಅಂತ ಕೇಳಿ. "ಐದಾರು ಟೀಮುಗಳು ಆಸಕ್ತಿ ತೋರಿಸಿವೆ" ಅನ್ನುವುದು ಸಾಮಾನ್ಯವಾಗಿ ಮಾರುವವರ ಮನೆಯಿಂದ ಬಂದ ಮಾತು. "ಅವನಿಗೆ ಅಲ್ಲಿ ನೆಮ್ಮದಿ ಇಲ್ಲ" ಅನ್ನುವುದು ಏಜೆಂಟನದು. "ಆ ಟೀಮಿಗೆ ಈ ಕ್ವಾರ್ಟರ್‌ಬ್ಯಾಕ್ ತುಂಬಾ ಇಷ್ಟ" ಅಂತ ಏಪ್ರಿಲ್‌ನಲ್ಲಿ ಬಂದರೆ, ಅವರಿಗಿಂತ ಹಿಂದೆ ಇರುವ ಯಾರನ್ನೋ ಹೆದರಿಸಿ ಮೇಲಕ್ಕೆ ಟ್ರೇಡ್ ಮಾಡಿಸುವ ಉದ್ದೇಶ ಇರಬಹುದು.

ಮಾತಿನ ಧಾಟಿಯನ್ನೂ ಗಮನಿಸಿ. "ಗಮನಿಸುತ್ತಿದ್ದಾರೆ", "ಮುಕ್ತ ಮನಸ್ಸಿನಿಂದ ಇದ್ದಾರೆ", "ಕಾದು ನೋಡಬೇಕು" ಇವೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ನಡೆದರೂ ಸರಿ, ನಡೆಯದಿದ್ದರೂ ಸರಿ. ಯಾವ ಪಿಕ್, ಯಾವ ವರ್ಷದ್ದು, ಎಷ್ಟು ಸಂಬಳ ಅಂತ ಬಿಡಿಸಿ ಹೇಳಿದ ಸುದ್ದಿಗೆ ಬೆಲೆ ಕೊಡಿ. ಆಡಮ್ ಶೆಫ್ಟರ್, ಇಯಾನ್ ರಾಪೊಪೋರ್ಟ್ ಅಂಥ ಹೆಸರಾಂತ ವರದಿಗಾರರ ಹೆಸರಲ್ಲಿ ನಕಲಿ ಖಾತೆಗಳು ಬೇಕಾದಷ್ಟಿವೆ. ಹೆಸರಿನ ಒಂದಕ್ಷರ ಅತ್ತಿತ್ತ ಇರುತ್ತದೆ. ಸ್ಕ್ರೀನ್‌ಶಾಟ್ ನಂಬಬೇಡಿ, ಮೂಲ ಖಾತೆಗೇ ಹೋಗಿ ನೋಡಿ.

2021ರಲ್ಲಿ ಫಾರ್ಟಿನೈನರ್ಸ್ 12ನೇ ಪಿಕ್ ಜೊತೆ ಮುಂದಿನ ಎರಡು ವರ್ಷದ ಮೊದಲ ರೌಂಡ್ ಪಿಕ್, ಒಂದು ಮೂರನೇ ರೌಂಡ್ ಪಿಕ್ ಕೊಟ್ಟು ಮೂರನೇ ಸರದಿಗೆ ಏರಿದಾಗ, ವಾರಗಟ್ಟಲೆ ಎಲ್ಲ ಕಡೆ ಒಂದೇ ಹೆಸರು ಓಡಾಡಿತು, ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್. ಆರಿಸಿದ್ದು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು. ಎರಡು ವರ್ಷದ ನಂತರ ಲ್ಯಾನ್ಸ್ ನಾಲ್ಕನೇ ರೌಂಡ್ ಪಿಕ್‌ಗೆ ಡಲ್ಲಾಸ್‌ಗೆ ಹೋದ. ತಮಾಷೆ ಅಂದರೆ 2025ರಲ್ಲಿ ಅದೇ ಮ್ಯಾಕ್ ಜೋನ್ಸ್ ಫಾರ್ಟಿನೈನರ್ಸ್‌ಗೆ ಬಂದು ಸೇರಿದ. ಆಗ ಹಬ್ಬಿದ್ದ ಸುದ್ದಿ ನಾಲ್ಕು ವರ್ಷ ತಡವಾಗಿ ನಿಜವಾಯಿತು ಅಂತ ಬೇಕಾದರೆ ಹೇಳಿಕೊಳ್ಳಬಹುದು.

ಇನ್ನೊಂದು ಸುಳಿವು ಭೇಟಿಗಳದ್ದು. ಡ್ರಾಫ್ಟ್‌ಗೆ ಮೊದಲು ಪ್ರತಿ ಟೀಮೂ 30 ಹುಡುಗರನ್ನು ತನ್ನ ಊರಿಗೆ ಕರೆಸಿಕೊಂಡು ಮಾತಾಡಿಸಬಹುದು. ಆ ಪಟ್ಟಿ ಚೂರುಚೂರಾಗಿ ಹೊರಬರುತ್ತದೆ. ಮೊದಲ ರೌಂಡಿಗೆ ಇದು ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಮೂರನೇ ರೌಂಡಿನ ಆಚೆಗೆ ಮಾತ್ರ ಕಣ್ಣಿಡಿ. ಹೆಸರಿಲ್ಲದ ಕಾಲೇಜಿನ ಹುಡುಗನಿಗೆ ಒಂದು ಭೇಟಿ ಖರ್ಚು ಮಾಡಿದ್ದಾರೆ ಅಂದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ.

ಹಂತ 7: ನಿಮ್ಮದೇ ಮಾಕ್ ಡ್ರಾಫ್ಟ್

ಯಾವ ಟೀಮು ಯಾರನ್ನು ಆರಿಸುತ್ತದೆ ಅಂತ ಮೊದಲೇ ಊಹಿಸಿ ಬರೆಯುವ ಪಟ್ಟಿಯೇ ಮಾಕ್ ಡ್ರಾಫ್ಟ್. 32 ಟೀಮುಗಳ ಹೆಸರು ಸಾಲಾಗಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಮೂರು ಕೊರತೆ ಬರೆಯಿರಿ, ಈ ವರ್ಷದ್ದು ಮಾತ್ರ ಅಲ್ಲ, ಮುಂದಿನ ವರ್ಷದ್ದೂ. ಎಡ ಟ್ಯಾಕಲ್‌ನ (ಕ್ವಾರ್ಟರ್‌ಬ್ಯಾಕ್‌ನನ್ನು ಎಡಗಡೆಯಿಂದ ಕಾಯುವವನು) ಕಾಂಟ್ರಾಕ್ಟ್ ಬರುವ ಮಾರ್ಚ್‌ಗೆ ಮುಗಿಯುತ್ತದೆ ಅಂದರೆ ಅದು ಇವತ್ತೇ ಕೊರತೆ. ಕಾಂಟ್ರಾಕ್ಟ್ ಮುಗಿದ ಆಟಗಾರರ ಮಾರ್ಚ್‌ನ ಖರೀದಿ ಮುಗಿಯುವವರೆಗೆ ಪಟ್ಟಿಯನ್ನು ಗಟ್ಟಿ ಮಾಡಬೇಡಿ.

ಆಮೇಲೆ ಸ್ಥಾನದ ಬೆಲೆ. ಕ್ವಾರ್ಟರ್‌ಬ್ಯಾಕ್ ಎಲ್ಲರಿಗಿಂತ ಮೇಲೆ. ನಂತರ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವವರು, ತಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಟ್ಯಾಕಲ್‌ಗಳು, ರಿಸೀವರ್, ಎದುರಾಳಿ ರಿಸೀವರ್‌ನನ್ನು ತಡೆಯುವ ಕಾರ್ನರ್. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, ಎಲ್ಲರ ಹಿಂದೆ ನಿಂತು ತಡೆಯುವ ಸೇಫ್ಟಿ ಸಾಮಾನ್ಯವಾಗಿ ಕೆಳಕ್ಕೆ ಜಾರುತ್ತಾರೆ. 2018ರಿಂದ 2025ರವರೆಗಿನ ಎಂಟು ಡ್ರಾಫ್ಟ್‌ಗಳಲ್ಲಿ ಏಳು ಸಲ ಮೊದಲ ಪಿಕ್ ಕ್ವಾರ್ಟರ್‌ಬ್ಯಾಕ್. ಆದರೂ ಪ್ರತಿ ವರ್ಷ ಐದು ಜನ ಮೇಲೆ ಹೋಗುತ್ತಾರೆ ಅಂತ ಕುರುಡಾಗಿ ಬರೆಯಬೇಡಿ. 2024ರಲ್ಲಿ ಮೊದಲ 12 ಪಿಕ್‌ಗಳಲ್ಲಿ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. 2022ರಲ್ಲಿ ಇಡೀ ಮೊದಲ ರೌಂಡಿನಲ್ಲಿ ಒಬ್ಬನೇ, 20ನೇ ಪಿಕ್‌ನಲ್ಲಿ ಕೆನ್ನಿ ಪಿಕೆಟ್.

ಮಾಕ್‌ನಲ್ಲಿ ಟ್ರೇಡ್ ಹಾಕುವುದಾದರೆ ಎರಡೋ ಮೂರೋ ಸಾಕು, ಪ್ರತಿಯೊಂದನ್ನೂ ಜಾನ್ಸನ್ ಪಟ್ಟಿಯಲ್ಲಿ ತೂಗಿ. ಸಿಮ್ಯುಲೇಟರ್‌ಗಳಲ್ಲಿ ಕಂಪ್ಯೂಟರ್ ಏನು ಕೊಟ್ಟರೂ ಒಪ್ಪುತ್ತದೆ. ನಿಜವಾದ ಮ್ಯಾನೇಜರ್ ಒಪ್ಪಲ್ಲ.

ಇಷ್ಟೆಲ್ಲ ಮಾಡಿದರೂ ತಲೆಕೆಳಗಾಗುವ ಪಿಕ್ ಇದ್ದೇ ಇರುತ್ತದೆ. 2024ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಮಾರ್ಚ್‌ನಲ್ಲಿ ಕರ್ಕ್ ಕಸಿನ್ಸ್‌ಗೆ 18 ಕೋಟಿ ಡಾಲರ್ ಕಾಂಟ್ರಾಕ್ಟ್ ಕೊಟ್ಟು, ಏಪ್ರಿಲ್‌ನಲ್ಲಿ 8ನೇ ಪಿಕ್‌ನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್‌ನನ್ನು ಆರಿಸಿತು. 2025ರಲ್ಲಿ ಡ್ರಾಫ್ಟ್ ವಿಶ್ಲೇಷಕ ಮೆಲ್ ಕೈಪರ್ ಅವರಂಥ ಹಳೆಯ ಹುಲಿಗಳೇ ಮೊದಲ ರೌಂಡಿನವನು ಅಂದಿದ್ದ ಕ್ವಾರ್ಟರ್‌ಬ್ಯಾಕ್ ಶೆಡೂರ್ ಸ್ಯಾಂಡರ್ಸ್ ಐದನೇ ರೌಂಡಿನಲ್ಲಿ 144ನೇ ಪಿಕ್‌ವರೆಗೆ ಕಾದ.

ಹಂತ 8: ಅಂಕ ಇಡಿ

ಡ್ರಾಫ್ಟ್‌ಗೆ ಒಂದು ದಿನ ಮೊದಲು ಪಟ್ಟಿಯ ಫೋಟೋ ತೆಗೆದು ಗೆಳೆಯರಿಗೆ ಕಳಿಸಿ, ಆಮೇಲೆ ತಿದ್ದುವಂತಿಲ್ಲ. ಮೊದಲ ರೌಂಡಿನಲ್ಲಿ ಹೋಗುತ್ತಾನೆ ಅಂದವನು ಹೋದರೆ ಒಂದು ಅಂಕ, ಹೇಳಿದ ಟೀಮಿಗೇ ಹೋದರೆ ಇನ್ನೆರಡು. ಟೀಮು ಸರಿಯಾಗಿ ಹೊಂದುವುದು ಬೆರಳೆಣಿಕೆಯಷ್ಟು ಮಾತ್ರ, ಬೇಜಾರಾಗಬೇಡಿ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ನಮ್ಮದು, ಅದಕ್ಕೇ ಫೋಟೋ ಬೇಕು ಅಂದಿದ್ದು.

ಡ್ರಾಫ್ಟ್ ದಿನಗಳಲ್ಲಿ

ಭಾರತದಲ್ಲಿ ಕೂತು ನೋಡುವವರಿಗೆ ಮೊದಲ ರೌಂಡ್ ಶುಕ್ರವಾರ ಬೆಳಗ್ಗೆ 5.30ಕ್ಕೆ, ಎರಡು ಮತ್ತು ಮೂರನೇ ರೌಂಡ್ ಶನಿವಾರ ಬೆಳಗ್ಗೆ 4.30ಕ್ಕೆ. ನಾಲ್ಕರಿಂದ ಏಳನೇ ರೌಂಡ್ ಶನಿವಾರ ರಾತ್ರಿ 9.30ಕ್ಕೆ ಶುರುವಾಗಿ ಭಾನುವಾರ ಬೆಳಗಿನ ಜಾವದವರೆಗೆ ಎಳೆಯುತ್ತದೆ. ಮೊದಲ ರೌಂಡಿನ ಮಾರನೇ ದಿನವನ್ನು ಮಾತ್ರ ಕಳೆದುಕೊಳ್ಳಬೇಡಿ. ರಾತ್ರಿಯಿಡೀ ಯೋಚನೆ ಮಾಡಲು ಟೈಮ್ ಸಿಕ್ಕಿರುವುದರಿಂದ 33ನೇ ಪಿಕ್ ಹಿಡಿದವರಿಗೆ ಫೋನಿನ ಮೇಲೆ ಫೋನು ಬರುತ್ತದೆ.

ಕೊನೆಯ ದಿನಕ್ಕೆ ಒಂದು ಚಿಕ್ಕ ಪಟ್ಟಿ ಇಟ್ಟುಕೊಳ್ಳಿ: ನಿಮಗೆ ಇಷ್ಟವಾದ, ಯಾರೂ ಮಾತಾಡದ ಹತ್ತು ಹೆಸರು. ಲ್ಯಾನ್ಸ್‌ಗಾಗಿ ಅಷ್ಟೊಂದು ಪಿಕ್ ಸುರಿದ ಅದೇ ಫಾರ್ಟಿನೈನರ್ಸ್‌ಗೆ 2022ರ ಕಟ್ಟಕಡೆಯ, 262ನೇ ಪಿಕ್‌ನಲ್ಲಿ ಬ್ರಾಕ್ ಪರ್ಡಿ ಸಿಕ್ಕಿದ, ಮುಂದೆ ಅವರ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದ. ಏಳನೇ ರೌಂಡ್ ಮುಗಿದ ಕೂಡಲೇ ಟಿವಿ ಆರಿಸಿ ಮಲಗಬೇಡಿ. ಯಾರೂ ಆರಿಸದ ಹುಡುಗರಿಗೆ ಆಗಲೇ ಟೀಮುಗಳಿಂದ ಫೋನ್ ಶುರುವಾಗುತ್ತದೆ, ಬೇಕಾದ ಕಡೆ ಸಹಿ ಹಾಕಬಹುದು. ಮುಂದೆ ಹೆಸರು ಮಾಡಿದ ಕ್ವಾರ್ಟರ್‌ಬ್ಯಾಕ್‌ಗಳಾದ ಕರ್ಟ್ ವಾರ್ನರ್, ಟೋನಿ ರೋಮೊ ಇಬ್ಬರೂ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದವರೇ. ನಿಮ್ಮ ಹತ್ತು ಹೆಸರುಗಳಲ್ಲಿ ಯಾರು ಎಲ್ಲಿಗೆ ಹೋದರು ಅಂತ ಗುರುತು ಹಾಕಿಕೊಳ್ಳಿ, ಆಗಸ್ಟ್‌ನಲ್ಲಿ 53ರ ಪಟ್ಟಿ ಬಂದಾಗ ತೆಗೆದು ನೋಡಬಹುದು.